ಫಿಟ್ಸ್ ಬರುವ ನಾಯಿಗೆ ಹುಚ್ಚು ಹಿಡಿದಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸಾಕಿದ ನಾಯಿಗೆ ಫಿಟ್ಸ್ ಬಂದರೆ ಓಣಿಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ. "ಅಕ್ಕಾರ, ನಿಮ್ಮ ನಾಯಿಗೆ ಹುಚ್ಚ ಹಿಡದೈತಿ, ಎಲ್ಲಾದ್ರೂ ದೂರ ಬಿಟ್ಟು ಬರ್ರಿ." ನಮ್ಮ ಮೋತಿ ವಿಷಯದಲ್ಲೂ ಈ ಮಾತು ಬಂದಿತ್ತು. ಮೋತಿ ಇವತ್ತಿಗೂ ನಮ್ಮ ಮನೆಯಲ್ಲೇ ಇದೆ, ಹೊತ್ತು ಹೊತ್ತಿಗೆ ಮಾತ್ರೆ ನುಂಗಿಕೊಂಡು ಆರಾಮಾಗಿದೆ.

ಹುಚ್ಚು ಹಿಡಿದ ನಾಯಿ, ಅಂದರೆ ರೇಬೀಸ್ ಬಂದ ನಾಯಿ, ದಿನದಿಂದ ದಿನಕ್ಕೆ ಕೆಡುತ್ತಾ ಹೋಗುತ್ತದೆ, ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಮೂರ್ಛೆ ರೋಗದ ನಾಯಿ ಫಿಟ್ಸ್ ಕಳೆದ ಮೇಲೆ ಮೊದಲಿನಂತೆ ಆಗುತ್ತದೆ, ಉಣ್ಣುತ್ತದೆ, ಬಾಲ ಆಡಿಸುತ್ತದೆ. ಆದರೂ ಲಸಿಕೆ ಹಾಕಿಸದ ನಾಯಿ ವಿಚಿತ್ರವಾಗಿ ಆಡುತ್ತಿದ್ದರೆ ಮುಟ್ಟಬೇಡಿ, ಪಶುವೈದ್ಯರನ್ನು ಕರೆಸಿ. ಅಂಥ ನಾಯಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ತಡ ಮಾಡದೆ ದವಾಖಾನೆಗೆ ಹೋಗಿ.

ಫಿಟ್ಸ್ ಬಂದಾಗ ನೋಡಲು ಆಗುವುದಿಲ್ಲ, ಎದೆ ಒಡೆಯುತ್ತದೆ. ನಾಯಿ ಮಗ್ಗುಲಿಗೆ ಬೀಳುತ್ತದೆ, ಕಾಲು ಬಡಿಯುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಬಿದ್ದಲ್ಲೇ ಉಚ್ಚೆಯೂ ಆಗಬಹುದು. ಜಾಸ್ತಿ ಸಲ ಇದು ಮಲಗಿದ್ದಾಗ, ರಾತ್ರಿ ಇಲ್ಲವೇ ಬೆಳಗಿನ ಜಾವ ಬರುತ್ತದೆ. ಆ ಹೊತ್ತಿನಲ್ಲಿ ನಾಯಿಗೆ ಎಚ್ಚರ ಇರುವುದಿಲ್ಲ. ಬಾಯಿಗೆ ಕೈ ಹಾಕಬೇಡಿ, ಚಮಚ ಹಾಕಬೇಡಿ, ನೀರು ಸುರಿಯಬೇಡಿ. ನಾಲಿಗೆ ನುಂಗಿಬಿಡುತ್ತದೆ ಅನ್ನುವುದು ಸುಳ್ಳು. ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಚಪ್ಪಲಿ ಹಿಡಿಯುವುದು, ಕಬ್ಬಿಣ ಮುಟ್ಟಿಸುವುದು, ಇವೆಲ್ಲ ಬಿಡಿ, ಏನೂ ಉಪಯೋಗವಿಲ್ಲ. ಮೆಟ್ಟಿಲು, ಕಲ್ಲು, ಕುರ್ಚಿ ಹತ್ತಿರ ಇದ್ದರೆ ಅವನ್ನು ಸರಿಸಿ, ಟಿವಿ ಆರಿಸಿ, ಮಕ್ಕಳನ್ನು ಆಚೆ ಕಳಿಸಿ, ಗಡಿಯಾರ ನೋಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಆ ಸಮಯದಲ್ಲಿ ವಿಡಿಯೊ ಮಾಡುವುದು ಕಲ್ಲುಮನಸ್ಸು ಅನ್ನಿಸಬಹುದು, ಆದರೆ ನಾವು ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ವೈದ್ಯರಿಗೆ ಅದರಿಂದ ತಿಳಿಯುವಷ್ಟು ತಿಳಿಯುವುದಿಲ್ಲ.

ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ, ಅಥವಾ 24 ಗಂಟೆಯೊಳಗೆ ಮತ್ತೊಮ್ಮೆ ಬಂದರೆ, ಅದು ಜೀವಕ್ಕೇ ಅಪಾಯ, ಹೊತ್ತು ಗೊತ್ತು ನೋಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ನಿಲ್ಲದಿದ್ದರೆ ಮೈ ಬೆಂಕಿಯಂತೆ ಸುಡುತ್ತದೆ, ಅದರಲ್ಲೂ ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ. ದಾರಿಯಲ್ಲಿ ಪಾದಕ್ಕೆ, ಹೊಟ್ಟೆಗೆ ತಣ್ಣೀರು ಹಚ್ಚಿ, ಗಾಳಿ ಹಾಕಿ. ಐಸ್ ನೀರು ಬೇಡ. ಎಚ್ಚರ ಬಂದ ಮೇಲೆ ಕೆಲವು ನಾಯಿಗೆ ಸ್ವಲ್ಪ ಹೊತ್ತು ಕಣ್ಣು ಕಾಣುವುದಿಲ್ಲ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಮನೆಯವರ ಗುರುತೂ ಸಿಗುವುದಿಲ್ಲ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ, ಅಪ್ಪಿಕೊಳ್ಳಲು ಹೋಗಬೇಡಿ.

ಫಿಟ್ಸ್ ಬಂದ ನಾಯಿಗೆಲ್ಲ ಮೂರ್ಛೆ ರೋಗವೇ ಇರಬೇಕೆಂದಿಲ್ಲ. ಕಾರಣ ಗೊತ್ತಾಗದ ಮೂರ್ಛೆ ರೋಗ ಹೆಚ್ಚಾಗಿ 6 ತಿಂಗಳಿಂದ 6 ವರ್ಷದೊಳಗೆ ಶುರುವಾಗುತ್ತದೆ. ಸಣ್ಣ ಮರಿಗೆ ಬಂದರೆ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಇರಬಹುದು, ಸಕ್ಕರೆ ಅಂಶ ಇಳಿದಿರಬಹುದು. ಮರಿಗೆ ಹಾಲುಣಿಸುವ ತಾಯಿಗೆ ಕ್ಯಾಲ್ಸಿಯಂ ಕಡಿಮೆಯಾಗಿರಬಹುದು. ದ್ರಾಕ್ಷಿ, ದಾಳಿಂಬೆ ತೋಟದಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ದಿನ ಬಂದರೆ ವಿಷದ ಅನುಮಾನ ಮೊದಲು, ಆ ಎಣ್ಣೆ ಡಬ್ಬಿಯನ್ನೂ ವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ. ಹೀಗಾಗಿ ರಕ್ತ ಪರೀಕ್ಷೆ ಬೇಕೇ ಬೇಕು.

ಈಗ ಔಷಧದ ಮಾತು. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದೇ ಇದು. ಒಂದೇ ಸಲ ಫಿಟ್ಸ್ ಬಂತು ಅಂತ ಎಲ್ಲ ನಾಯಿಗೂ ಮಾತ್ರೆ ಶುರು ಮಾಡುವುದಿಲ್ಲ. 6 ತಿಂಗಳಲ್ಲಿ ಎರಡು ಸಲ ಬಂದರೆ, ಅಥವಾ ಬಂದದ್ದೇ ಜೋರಾಗಿದ್ದರೆ ಶುರು ಮಾಡುತ್ತಾರೆ. ಹೆಚ್ಚಾಗಿ ಕೊಡುವುದು ಫಿನೋಬಾರ್ಬಿಟಾಲ್. ಮನುಷ್ಯರಿಗೆ 1912ರಿಂದ ಕೊಡುತ್ತಿರುವ ಹಳೆಯ ಮಾತ್ರೆ. 12 ಗಂಟೆಗೊಮ್ಮೆ ಅಂದರೆ 12 ಗಂಟೆಗೊಮ್ಮೆಯೇ. ಬೆಳಿಗ್ಗೆ 7ಕ್ಕೆ ಕೊಟ್ಟರೆ ಸಂಜೆ 7ಕ್ಕೆ. ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ನಾಯಿ ತೂಕಡಿಸುತ್ತದೆ, ನಡೆಯುವಾಗ ಜೋಲಿ ಹೊಡೆಯುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಎಷ್ಟು ಹಾಕಿದರೂ ಹಸಿವು ಹಸಿವು ಅನ್ನುತ್ತದೆ. ತೂಕಡಿಕೆ ಬರಬರುತ್ತಾ ಕಡಿಮೆಯಾಗುತ್ತದೆ. ಹಸಿವು ಉಳಿಯುತ್ತದೆ, ಪಾಪ ಅಂತ ರೊಟ್ಟಿ ಮೇಲೆ ರೊಟ್ಟಿ ಹಾಕಿದರೆ ಮೈ ಬೆಳೆದು ಬೇರೆ ತೊಂದರೆ ಶುರು. ಲಿವರ್‌ಗೆ ಪೆಟ್ಟಾಗಿದೆಯೇ ಅಂತ 6 ತಿಂಗಳಿಗೊಮ್ಮೆ ರಕ್ತ ನೋಡಿಸಬೇಕು.

ಮೂರು ತಿಂಗಳು ಫಿಟ್ಸ್ ಬರಲಿಲ್ಲ, ವಾಸಿಯಾಯಿತು ಅಂತ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಿಟ್ಸ್ ಬಾರದಿರುವುದೇ ಆ ಮಾತ್ರೆಯಿಂದ. ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬಂದು ಪ್ರಾಣವೇ ಹೋಗಬಹುದು. ಒಂದು ಹೊತ್ತು ಮರೆತಿರಾ? ಮುಂದಿನ ಹೊತ್ತಿಗೆ ಎರಡು ಪಾಲು ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ.

ಕೆಲವು ನಾಯಿಗೆ ಇದೊಂದೇ ಸಾಲದೆ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುತ್ತಾರೆ. ಆಗ ಊಟದ ಉಪ್ಪು ದಿನಕ್ಕೊಂದು ತರ ಆಗಬಾರದು. ಉಪ್ಪು ಹೆಚ್ಚಾದರೆ ಆ ಔಷಧ ಮೂತ್ರದಲ್ಲಿ ಹೊರಟುಹೋಗುತ್ತದೆ. ಹಪ್ಪಳ, ಸಂಡಿಗೆ, ಉಳಿದ ಪಲ್ಯ ಹಾಕುವ ರೂಢಿ ಅಲ್ಲಿಗೆ ಬಿಡಬೇಕು.

ಮುಧೋಳ ನಾಯಿ ಸಾಕಿ ಮರಿ ಮಾರುವ ಅಣ್ಣತಮ್ಮಂದಿರಿಗೂ ಒಂದು ಮಾತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು. ನಮ್ಮ ಹೆಮ್ಮೆ, ಅಲ್ವಾ? ಲ್ಯಾಬ್ರಡಾರ್, ಬೀಗಲ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಮೂರ್ಛೆ ರೋಗ ವಂಶದಲ್ಲಿ ಇಳಿದು ಬರುವುದು ಗೊತ್ತಿದೆ. ಯಾವ ತಳಿಯೇ ಇರಲಿ, ಫಿಟ್ಸ್ ಬರುವ ನಾಯಿಯನ್ನು ಮರಿ ಮಾಡಿಸಲು ಬಿಡಬೇಡಿ. ಸಾಕಿಕೊಳ್ಳಿ, ಅದು ಬೇರೆ.

ಗಾಬರಿ, ನಿದ್ದೆಗೇಡಿನಿಂದ ಕೆಲವಕ್ಕೆ ಫಿಟ್ಸ್ ಬರುವುದುಂಟು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ, ದೀಪಾವಳಿಯಲ್ಲಿ, ನಾಯಿಯನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ಯಾರಾದರೂ ಜೊತೆಗಿರಿ. ಮದುವೆಗೆ ಅಂತ ಪರಊರಿಗೆ ಹೋಗುವಾಗ ಮಾತ್ರೆಯ ಹೊತ್ತು, ವೈದ್ಯರ ನಂಬರು ಬರೆದು ನೆರೆಯವರ ಕೈಗೆ ಕೊಟ್ಟು ಹೋಗಿ. ಈ ಮಾತ್ರೆ ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್‌ಗಳಲ್ಲೂ ಇರುವುದಿಲ್ಲ. ಅದಕ್ಕೇ ಮನೆಯಲ್ಲಿ ಇನ್ನೂ ಒಂದು ವಾರದ ಮಾತ್ರೆ ಇರುವಾಗಲೇ ಹೊಸದು ತಂದಿಟ್ಟುಕೊಳ್ಳಿ.

ನಮಸ್ಕಾರ.