ಚಟ ಬಿಟ್ಟರೂ ಅಳಿಯದ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ. ಮಾದಕ ವಸ್ತುವನ್ನು ಬಿಟ್ಟು ತಿಂಗಳುಗಳೇ ಕಳೆದ ವ್ಯಕ್ತಿ, ಅದನ್ನು ಸೇವಿಸುತ್ತಿದ್ದ ಜಾಗವನ್ನು ಕಂಡೊಡನೆ ಮತ್ತೆ ಅದಕ್ಕೆ ಕೈಚಾಚಿದರೆ, ‘ಮನಸ್ಸು ಗಟ್ಟಿಯಿಲ್ಲ’ ಎಂದುಬಿಡುತ್ತೇವೆ. ಆ ಮಾತನ್ನು ದಯವಿಟ್ಟು ಬಿಡಿ. ವಸ್ತು ದೇಹದಿಂದ ಹೊರಹೋಗಿದ್ದರೂ ಮಿದುಳಿನ ಜೀವಕೋಶಗಳಲ್ಲಿ ಅದು ಮಾಡಿದ ಗುರುತು ಉಳಿದಿರುತ್ತದೆ.

ಏನು ಆ ಗುರುತು? ಜೀವಕೋಶದೊಳಗಿನ ಸುಮಾರು 2 ಮೀಟರ್ ಉದ್ದದ ಡಿಎನ್‌ಎ, ಉರುಳೆಗೆ ಸುತ್ತಿದ ದಾರದಂತೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದಲ್ಲಿ ಜೀನ್ ಸುಮ್ಮನಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡರೆ ಸುತ್ತು ಸಡಿಲಗೊಂಡು ಜೀನ್ ಚುರುಕಾಗುತ್ತದೆ. ಜೀನಿನ ಒಂದಕ್ಷರವೂ ಬದಲಾಗದೆ ಅದರ ಕೆಲಸ ಬದಲಾಗುವ ಇದೇ ಎಪಿಜೆನೆಟಿಕ್ ಬದಲಾವಣೆ.

ಇಲ್ಲಿ ಒಂದು ಪ್ರಯೋಗವನ್ನು ವಿಸ್ತಾರವಾಗಿ ಹೇಳಲೇಬೇಕು. ಬೇರೆ ಮಾದಕ ವಸ್ತುಗಳಿಗೆ ಹೋಗುವವರಲ್ಲಿ ಹೆಚ್ಚಿನವರು ಮೊದಲು ತಂಬಾಕು ಅಥವಾ ಮದ್ಯದಿಂದ ಆರಂಭಿಸಿರುತ್ತಾರೆಂದು ಅಮೆರಿಕದ ಸಂಶೋಧಕಿ ಡೆನೀಸ್ ಕ್ಯಾಂಡೆಲ್ 1975ರಲ್ಲೇ ತೋರಿಸಿದ್ದರು. ಇದರ ಕಾರಣವನ್ನು ಮಿದುಳಿನಲ್ಲೇ ಹುಡುಕಲು ಅವರೂ, ಅವರ ಪತಿ, ನೊಬೆಲ್ ಪುರಸ್ಕೃತ ಎರಿಕ್ ಕ್ಯಾಂಡೆಲ್ ಅವರೂ ಸಹೋದ್ಯೋಗಿಗಳೊಂದಿಗೆ ಇಲಿಗಳ ಕುಡಿಯುವ ನೀರಿನಲ್ಲಿ 7 ದಿನ ತಂಬಾಕಿನಲ್ಲಿರುವ ನಿಕೋಟಿನ್ ಬೆರೆಸಿ, ಬಳಿಕ ಕೊಕೇನ್ ಕೊಟ್ಟರು. ಬರೀ ಕೊಕೇನ್ ಪಡೆದ ಇಲಿಗಳಿಗಿಂತ ಈ ಇಲಿಗಳು ಅದಕ್ಕೆ ಎಷ್ಟೋ ಹೆಚ್ಚು ಸ್ಪಂದಿಸಿದವು. ಮೊದಲು ಕೊಕೇನ್, ನಂತರ ನಿಕೋಟಿನ್ ಕೊಟ್ಟಾಗ ಹಾಗಾಗಲಿಲ್ಲ! ಅಸಿಟೈಲ್ ಗುಂಪನ್ನು ಕಿತ್ತುಹಾಕುವ ಕಿಣ್ವವನ್ನು ನಿಕೋಟಿನ್ ತಡೆಹಿಡಿದಿದ್ದರಿಂದ, ವ್ಯಸನಕ್ಕೆ ಸಂಬಂಧಿಸಿದ ಫಾಸ್‌ಬಿ ಎಂಬ ಜೀನಿನ ಸುತ್ತು ಆಗಲೇ ಸಡಿಲಗೊಂಡಿತ್ತು. ನಿಕೋಟಿನ್ ಬದಲು ಆ ಕಿಣ್ವವನ್ನೇ ತಡೆಯುವ ಬೇರೊಂದು ರಾಸಾಯನಿಕ ಕೊಟ್ಟಾಗಲೂ ಇಂಥದೇ ಪರಿಣಾಮ ಕಂಡಿತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು, ‘ಬರೀ ಸಿಗರೇಟು ತಾನೇ’ ಎನ್ನುವವರು ಗಮನವಿಟ್ಟು ಕೇಳಬೇಕು.

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಚುಟುಕಾಗಿ ಹೇಳುತ್ತೇನೆ. ಕೊಕೇನನ್ನು ಮತ್ತೆ ಮತ್ತೆ ಸೇವಿಸಿದಾಗ ಇದೇ ಜೀನಿನಿಂದ ಹುಟ್ಟುವ ಡೆಲ್ಟಾ ಫಾಸ್‌ಬಿ ಪ್ರೋಟೀನ್ ಮಿದುಳಿನ ಸುಖದ ಕೇಂದ್ರದಲ್ಲಿ ಶೇಖರವಾಗಿ, ಸೇವನೆ ನಿಂತ ಮೇಲೂ ವಾರಗಟ್ಟಲೆ ಉಳಿದು ಇತರ ಜೀನುಗಳನ್ನೂ ಬದಲಿಸುತ್ತದೆ. ಆದರೆ ಗುರುತು ಅಂಟಿಸುವ ಕಿಣ್ವವಿರುವಂತೆ ಅಳಿಸುವ ಕಿಣ್ವವೂ ನಮ್ಮಲ್ಲೇ ಇದೆ. ಅದಕ್ಕೆ ಕಾಲ ಬೇಕು. ಆದ್ದರಿಂದ ಚಿಕಿತ್ಸೆಯನ್ನು ವಾರಗಳಲ್ಲಿ ಮುಗಿಸಬೇಡಿ. ಮರಳಿ ಜಾರಿದವರನ್ನು ಬೈಯದೆ ವೈದ್ಯರ ಬಳಿಗೆ ಮತ್ತೆ ಕರೆದೊಯ್ಯಿರಿ.