ನೆಲ ಬಿಡಿ, ಗೋಡೆ ಹಿಡೀರಿ

ಎಲ್ಲರಿಗೂ ನಮಸ್ಕಾರ. ನಾನು ಮನೆಗಳ ಒಳಗಡೆ ಕೆಲಸ ಮಾಡಿಸೋನು, ಅಂದ್ರೆ ಕಪಾಟು, ಲಾಫ್ಟು, ಅಡುಗೆಮನೆ ಶೆಲ್ಫು, ಇಂಥವು. ಮನೇಲಿ ಸಾಮಾನು ಇಡೋಕೆ ಜಾಗ ಮಾಡ್ಕೊಳ್ಳೋದು ಹೇಗೆ ಅಂತ ಮಾತಾಡಿ ಅಂದಿದ್ದಾರೆ. ನಾನು ಮಾತಾಡ್ತಿರೋದು ಎರಡು ರೂಮಿನ ಬಾಡಿಗೆ ಮನೇಲಿ ಇರೋರ ಹತ್ರ, 30-40 ಸೈಟಲ್ಲಿ ಮನೆ ಕಟ್ಟಿ ಕೆಳಗಡೆ ಬಾಡಿಗೆಗೆ ಕೊಟ್ಟು ತಾವು ಮೇಲಿರೋರ ಹತ್ರ, ಫ್ಲಾಟ್ ತಗೊಂಡು ಬಾಲ್ಕನಿ ತುಂಬ ಡಬ್ಬ ಪೇರಿಸಿಟ್ಟಿರೋರ ಹತ್ರ. ನಾನು ಹೇಳೋದು ಒಂದೇ ಮಾತು, ಅದನ್ನ ಈಗಲೇ ಹೇಳ್ಬಿಡ್ತೀನಿ. ನೆಲ ಬಿಡಿ, ಗೋಡೆ ಹಿಡೀರಿ.

ಅಮೆರಿಕದಲ್ಲಿ ಮಕ್ಕಳ ಮನೇಲಿದ್ದು ಬಂದೋರು ಕೆಲವರು ಹೇಳ್ತಾರೆ, ಅಲ್ಲಿ ಬೇಸ್‌ಮೆಂಟ್ ಇರುತ್ತೆ, ಬೇಡದ್ದನ್ನೆಲ್ಲ ಕೆಳಗೆ ಇಳಿಸಿಬಿಡ್ತಾರೆ, ನಮಗೆ ಅದಿಲ್ವಲ್ಲ ಸಾರ್ ಅಂತ. ನಮ್ಮ ಊರುಗಳಿಗೆ ಅದು ಹೊಂದಲ್ಲ ರೀ. ಕರಾವಳೀಲಿ ಮಳೆಗಾಲ ಬಂತು ಅಂದ್ರೆ ಬಾವಿ ನೀರು ಮೇಲಕ್ಕೇ ಬಂದುಬಿಡುತ್ತೆ, ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೇಲಿ ಬಿರುಕು ಬಿಡುತ್ತೆ, ಇನ್ನು ಬೆಂಗಳೂರಲ್ಲಿ 2022ರ ಸೆಪ್ಟೆಂಬರ್ ಮಳೇಲಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಕಾರು ಮುಳುಗಿದ್ದನ್ನ ಎಲ್ಲರೂ ನೋಡಿದ್ದೀವಿ. ನಮ್ಮಲ್ಲಿ ನೆಲದ ಕೆಳಗೆ ಏನಾದ್ರೂ ಇಡ್ತಿದ್ರು ಅಂದ್ರೆ ಅದು ಧಾರವಾಡ, ವಿಜಯಪುರದ ಕಡೆ ಹಗೇವಲ್ಲಿ, ಅದೂ ಜೋಳ. ಗುಂಡಿ ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತೋರು. ತೆಗೆಯೋವಾಗ ಬಾಯಿ ತೆರೆದಿಟ್ಟು, ಒಳಗಿನ ಕೆಟ್ಟ ಗಾಳಿ ಹೋದಮೇಲೇನೇ ಮನುಷ್ಯ ಇಳೀಬೇಕಿತ್ತು, ಆತುರಕ್ಕೆ ಇಳಿದು ಜೀವ ಕಳ್ಕೊಂಡೋರು ಇದ್ದಾರೆ. ಹಾಸಿಗೆ ಪಾತ್ರೆ ಇಡೋ ಜಾಗ ಅಲ್ಲ ಅದು.

ಮನೆ ಸಾಮಾನು ಯಾವತ್ತೂ ತಲೆ ಮೇಲೇನೇ ಇರ್ತಿತ್ತು. ಮಲೆನಾಡ ಮನೆ ನೆನೆಸ್ಕೊಳ್ಳಿ, ಅಡುಗೆಮನೆ ಮೇಲೆ ಅಟ್ಟ, ಕೆಳಗೆ ಒಲೆ ಉರೀತಾ ಇದ್ರೆ ಆ ಬಿಸಿಗೆ, ಹೊಗೆಗೆ ಅಟ್ಟದ ಮೇಲಿರೋದು ಎಂಥಾ ಮಳೇಲೂ ಬೆಚ್ಚಗಿರೋದು, ಹುಳ ಬರ್ತಿರಲಿಲ್ಲ. ಹಾಲು ಬೆಣ್ಣೆಗೆ ನೆಲುವು, ಬೆಕ್ಕಿಗೂ ಸಿಗಲ್ಲ ಇರುವೆಗೂ ಸಿಗಲ್ಲ. ದೀಪಕ್ಕೆ ಗೋಡೇಲೇ ಗೂಡು, ಅಂಗಿ ಕೊಡೆಗೆ ಗೂಟ. ಇನ್ನು ದಕ್ಷಿಣ ಕನ್ನಡದ ಕಡೆ ಮನೆಗಳಲ್ಲಿ ಸೌತೆಕಾಯಿ ಇಡೋದನ್ನ ನೋಡಿದ್ದೀರಾ? ಅದೇ ಸಾಂಬಾರಿಗೆ ಹಾಕೋ ಹಳದಿ ಸೌತೆ. ಒಂದೊಂದನ್ನೇ ಬಾಳೆ ನಾರಲ್ಲೋ ತೆಂಗಿನ ಗರಿ ಸೀಳಲ್ಲೋ ಕಟ್ಟಿ ಮಾಡಿನ ಪಕ್ಕಾಸಿಗೆ, ಅಂದ್ರೆ ಸೂರಿನ ಮರದ ಪಟ್ಟಿಗೆ, ಸಾಲಾಗಿ ನೇತು ಹಾಕ್ತಾರೆ, ಒಂದಕ್ಕೊಂದು ತಾಗಬಾರದು, ಸುತ್ತ ಗಾಳಿ ಆಡ್ತಿರಬೇಕು, ಹಾಗಿಟ್ರೆ ಮಳೆಗಾಲ ಪೂರ್ತಿ ಕೊಳೆಯದೆ ಇರುತ್ತೆ. ನೆಲದ ಒಂದು ಇಂಚೂ ಖರ್ಚಾಗಿಲ್ಲ ನೋಡಿ. ನನಗೆ ಅದನ್ನ ನೋಡಿದಾಗೆಲ್ಲ ಎಷ್ಟು ಖುಷಿ ಆಗುತ್ತೆ ಅಂದ್ರೆ ಹೇಳೋಕಾಗಲ್ಲ.

ಈಗೇನಾಗಿದೆ, ಜಾಗ ಸಾಲ್ತಿಲ್ಲ ಅಂದ ತಕ್ಷಣ ಇನ್ನೊಂದು ಬೀರು ತರ್ತಾರೆ. ಯಾಕ್ರೀ? ಬೀರು ಅಂದ್ರೆ 3 ಅಡಿ ಅಗಲ, ಒಂದೂವರೆ ಅಡಿ ಆಳ, ನಿಲ್ಲೋಕೇ ನಾಲ್ಕೂವರೆ ಚದರಡಿ ನೆಲ ಬೇಕು, ಬಾಗಿಲು ತೆಗೆದು ಮುಂದೆ ನೀವು ನಿಲ್ಲೋಕೆ ಅಷ್ಟೇ ಮತ್ತೆ ಬೇಕು, ಜಾಗ ಇಲ್ಲ ಅಂತ ಅಂದು ಇದ್ದಬದ್ದ ಜಾಗಾನೂ ಅದಕ್ಕೆ ಕೊಟ್ಟ ಹಾಗಾಯ್ತು. ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ನಿಮ್ಮ ಮನೆ ಸೀಲಿಂಗು 10 ಅಡಿ, ಬಾಗಿಲು 7 ಅಡಿ. ಆ ಏಳರ ಮೇಲಿನ ಮೂರಡಿ ಮನೆ ತುಂಬ ಖಾಲಿ ಇದೆ, ಫ್ಯಾನು ಬಿಟ್ರೆ ಅಲ್ಲಿ ಏನೂ ಇಲ್ಲ. ರೂಮಿಗೆ ಹೋಗೋ ಪ್ಯಾಸೇಜ್ ಮೂರೂವರೆ ಅಡಿ ಅಗಲ 8 ಅಡಿ ಉದ್ದ ಇದ್ರೆ, ಅದರ ಮೇಲೆ ಎರಡೂವರೆ ಅಡಿ ಎತ್ತರದ ಅಟ್ಟ ಮಾಡಿ, 70 ಘನ ಅಡಿ ಸಿಗುತ್ತೆ. ಆರೂವರೆ ಅಡಿ ಬೀರು 30 ಘನ ಅಡಿಯೂ ಇಲ್ಲ. ಅಂದ್ರೆ ಎರಡು ಬೀರಿನ ಸಾಮಾನು ಮೇಲೆ ಹೋಗಿ ಇನ್ನೂ ಜಾಗ ಮಿಗುತ್ತೆ, ನೀವು ಕೆಳಗಡೆ ಆರಾಮಾಗಿ ಓಡಾಡ್ತಿರಬಹುದು. ನೆಲ ಬಿಡಿ, ಗೋಡೆ ಹಿಡೀರಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇನೇ.

ಮೈಸೂರಲ್ಲಿ ಒಬ್ಬರು ರಿಟೈರ್ಡ್ ಟೀಚರಮ್ಮ, ಅವರ ಮನೆ ವಿಷಯ ಹೇಳಲೇಬೇಕು. ದೊಡ್ಡ ಹಳೇ ಮನೆ ಅಣ್ಣತಮ್ಮಂದಿರ ಪಾಲಾಗಿ, ಇವರು ಒಂದು ಹಾಲು, ಒಂದು ರೂಮು, ಅಡುಗೆಮನೆ ಇರೋ ಮನೆಗೆ ಬಂದಿದ್ರು. ಬರ್ತಾ ಅತ್ತೆ ಕಾಲದ ದಸರಾ ಗೊಂಬೆ ಎಲ್ಲ ತಂದಿದ್ರು, ದೊಡ್ಡ ತಗಡಿನ ಟ್ರಂಕುಗಳಲ್ಲಿ. ಟ್ರಂಕೆಲ್ಲ ಹಾಲಲ್ಲೇ, ಮೇಲೆ ಬೆಡ್‌ಶೀಟ್ ಹೊದಿಸಿ ಬಂದೋರು ಕೂರೋಕೆ ಮಾಡಿದ್ರು, ಒಂದು ಮಾತ್ರ ಬಾಲ್ಕನೀಲಿ, ಅದಕ್ಕೆ ಇರಚಲು ಹೊಡೆದು ಕೆಳಗಡೆ ತುಕ್ಕು ಹಿಡಿದಿತ್ತು. ಮೊಮ್ಮಕ್ಕಳು ಬಂದಾಗೆಲ್ಲ ಟ್ರಂಕಿನ ಮೂಲೆ ಕಾಲಿಗೆ ಬಡೀತಿತ್ತಂತೆ. ಈ ವರ್ಷದಿಂದ ಗೊಂಬೆ ಕೂರಿಸೋದು ಬಿಟ್ಟುಬಿಡ್ತೀನಿ, ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂದ್ರು. ನನಗೆ ಹೊಟ್ಟೆ ಉರಿದುಹೋಯ್ತು. ಜಾಗ ಇಲ್ಲ ಅಂತ ಮೂರು ತಲೆಮಾರಿನ ಗೊಂಬೆ ಮನೆ ಬಿಡೋದಾ!

ತಲೆ ಎತ್ತಿ ನೋಡಿದ್ರೆ ರೂಮಿಂದ ಬಚ್ಚಲಿಗೆ ಹೋಗೋ ಪ್ಯಾಸೇಜಿನ ಮೇಲೆ ಪೂರಾ ಖಾಲಿ, ಒಂದು ಟ್ಯೂಬ್‌ಲೈಟು ಅಷ್ಟೇ. ಎರಡೂ ಗೋಡೆಗೆ ಕಬ್ಬಿಣದ ಆಂಗಲ್ ಬಿಗಿದು, ಅಡ್ಡಕ್ಕೂ ಕಬ್ಬಿಣ ಕೊಟ್ಟು, ಮೇಲೆ 18 ಎಂಎಂ ಪ್ಲೈವುಡ್ ಹಾಸೋದು ಅಂತಾಯ್ತು. ಬಚ್ಚಲ ಪಕ್ಕ ಆದ್ದರಿಂದ ನೀರು ತಡೆಯೋ 710 ಗ್ರೇಡಿಂದೇ ಹಾಕಿಸಿದ್ವಿ. ಕಷ್ಟ ಬಂದಿದ್ದು ಟ್ರಂಕಲ್ಲಿ. ತುಂಬಿದ ಟ್ರಂಕನ್ನ ಮೇಲೆ ಹತ್ತಿಸೋದು ಇಬ್ಬರಿಂದಲೂ ಆಗಲ್ಲ, ಟ್ರಂಕು ತೆಗೆದು ಹಾಕಿ ಅಂದ್ರೆ ಟೀಚರಮ್ಮ ಸುತರಾಂ ಒಪ್ಪಲ್ಲ, ಯಾಕಂದ್ರೆ ನವರಾತ್ರೀಲಿ ಆ ಟ್ರಂಕುಗಳೇ ಮೆಟ್ಟಿಲು! ಅದರ ಮೇಲೆ ಹಲಗೆ ಹಾಕಿ ಬಿಳೀ ಪಂಚೆ ಹೊದಿಸಿದ್ರೇನೇ ಅವರ ಮನೇಲಿ ಗೊಂಬೆ ಕೂರೋದು. ಸರಿ ಅಂತ ಗೊಂಬೆ ಬೇರೆ, ಟ್ರಂಕು ಬೇರೆ ಮಾಡಿದ್ವಿ. ಗೊಂಬೆಗಳನ್ನ ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ, ಒಬ್ಬರೇ ಎತ್ತೋವಷ್ಟು ಸಣ್ಣ ರಟ್ಟಿನ ಡಬ್ಬಗಳಿಗೆ ತುಂಬಿದ್ವಿ, ಡಬ್ಬದ ಮುಂದುಗಡೆ ಅವರ ಕೈಬರಹದಲ್ಲೇ ಚೀಟಿ, ದಶಾವತಾರ, ಮದುವೆ ಸೆಟ್ಟು, ಶೆಟ್ಟರ ಅಂಗಡಿ, ಚನ್ನಪಟ್ಟಣದ್ದು ಅಂತ. ಪಟ್ಟದ ಗೊಂಬೆ ಡಬ್ಬ ಕೊನೇಲಿ ಇಟ್ಟಿದ್ದು, ಎಲ್ಲಕ್ಕಿಂತ ಮುಂದೆ, ಯಾಕಂದ್ರೆ ಹಬ್ಬದಲ್ಲಿ ಮೊದಲು ಹೊರಗೆ ಬರಬೇಕಾಗಿರೋದು ರಾಜ ರಾಣಿ. ಹಲಗೆಗಳು ಅಟ್ಟದ ಹಿಂದಿನ ಗೋಡೆಗೆ ಒರಗಿ ಉದ್ದಕ್ಕೆ ಕೂತವು. ಖಾಲಿ ಟ್ರಂಕಿಗೆ ನೆಂಟರಿಗೆ ಅಂತ ಇಟ್ಟಿದ್ದ ರಗ್ಗು, ದಿಂಬು ತುಂಬಿ, ಮಂಚದ ಕಾಲಿಗೆ ಮರದ ಗುಟ್ಟ ಕೊಟ್ಟು ಎತ್ತರಿಸಿ, ಎಲ್ಲಾನೂ ಮಂಚದ ಕೆಳಗೆ ತಳ್ಳಿದ್ವಿ. ಹಾಲು ಪೂರ್ತಿ ಖಾಲಿ. ಟೀಚರಮ್ಮ ಮಧ್ಯದಲ್ಲಿ ನಿಂತ್ಕೊಂಡು ಈ ಮನೆ ಇಷ್ಟು ದೊಡ್ಡದಾ ಅಂದ್ರು. ಆ ವರ್ಷಾನೂ ಗೊಂಬೆ ಕೂರಿಸಿದ್ರು, ನನಗೂ ಬೊಂಬೆ ಬಾಗಿನ ಡಬ್ಬೀಲಿ ಕೋಡುಬಳೆ ಬಂತು.

ಇದನ್ನ ಹೇಳೋಕೆ ಕೂತ್ರೆ ನನಗೆ ಹೊತ್ತು ಹೋಗಿದ್ದೇ ತಿಳಿಯಲ್ಲ, ಉಳಿದಿದ್ದು ಬೇಗ ಬೇಗ ಹೇಳ್ತೀನಿ. ಮೇಲೆ ಹಗುರದ್ದೇ ಇಡಿ, ವರ್ಷಕ್ಕೊಂದೆರಡು ಸಲ ಬೇಕಾಗೋದು, ಸೂಟ್‌ಕೇಸು, ಹಬ್ಬದ ಸಾಮಾನು, ಕಂಬಳಿ, ದೊಡ್ಡ ಕೊಳಗ. ಪುಸ್ತಕ ಬೇಡ, ಒಂದಡಿ ಉದ್ದ ಅಗಲ ಎತ್ತರದ ಡಬ್ಬದ ತುಂಬ ಪುಸ್ತಕ ತುಂಬಿ ಎತ್ತಿ ನೋಡಿ, ಗೊತ್ತಾಗುತ್ತೆ. ಗ್ರೈಂಡರ್ ಅಂತೂ ಬೇಡವೇ ಬೇಡ. ಕರಾವಳಿ ಮಲೆನಾಡೋರು ಲಾಫ್ಟಿಗೆ ಗಟ್ಟಿ ಬಾಗಿಲು ಹಾಕಬೇಡಿ, ಜಾಲರಿ ಹಾಕಿ, ಇಲ್ಲಾಂದ್ರೆ ಆಷಾಢದಲ್ಲಿ ಎಲ್ಲದಕ್ಕೂ ಬೂಷ್ಟು ಬರುತ್ತೆ. ಜರಿ ಸೀರೆ ಮಧ್ಯ ನುಸಿಗುಳಿಗೆ ಹಾಕಬೇಡಿ, ಜರಿ ಕಪ್ಪಾಗುತ್ತೆ, ಕಾಟನ್ ಬಟ್ಟೇಲಿ ಸುತ್ತಿಡಿ ಸಾಕು. ಬಾಡಿಗೆ ಮನೇಲಿ ಮೊಳೆ ಹೊಡೆಯೋ ಹಾಗಿಲ್ಲ ಸಾರ್ ಅನ್ನೋರಿಗೆ ಕಬ್ಬಿಣದ ತೂತಿನ ಆಂಗಲ್ ರ‍್ಯಾಕ್ ಇದೆ, ನಟ್ಟು ಬೋಲ್ಟು ಬಿಚ್ಚಿದ್ರೆ ಮನೆ ಬದಲಾಯಿಸೋವಾಗ ಜೊತೇಲೇ ಬರುತ್ತೆ. ಆದ್ರೆ 4 ಅಡೀದು ತರಬೇಡಿ, 8 ಅಡೀದು ತನ್ನಿ, ಕೂರೋ ನೆಲ ಎರಡಕ್ಕೂ ಅಷ್ಟೇ, ಭಾರ ಕೆಳಗಿನ ಹಲಗೇಲಿರಲಿ. ಬಾಗಿಲ ಹಿಂದೆ ಕೊಕ್ಕೆ ಹಾಕಿ. ಗೋಡೆ ಅಂದ್ರೆ ಬಾಗಿಲೂ ಗೋಡೇನೇ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮೆಟ್ಟಿಲ ಕೆಳಗಡೆ ಜಾಗ ಇದೆ ಅಂತ ತುಂಬಿದ ಗ್ಯಾಸ್ ಸಿಲಿಂಡರನ್ನ ಅಲ್ಲಿ ಬಾಗಿಲು ಹಾಕಿ ಮುಚ್ಚಿಡಬೇಡಿ. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ನಿಂತುಬಿಡುತ್ತೆ. ಮೀಟರ್ ಬೋರ್ಡೂ ಅಲ್ಲೇ ಇದ್ರಂತೂ ಒಂದು ಹಳೇ ಪೇಪರ್ ಕಟ್ಟು ಕೂಡ ಇಡಬೇಡಿ.

ಇನ್ನು ಈಗ ಮನೆ ಕಟ್ಟಿಸ್ತಿರೋರು ಯಾರಾದ್ರೂ ಕೇಳ್ತಿದ್ರೆ, ಗೋಡೆ 7 ಅಡಿಗೆ ಬಂದು, ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ, ಅಂದ್ರೆ ಲಿಂಟಲ್‌ಗೆ ಕಂಬಿ ಕಟ್ಟೋ ದಿನ ನೀವೇ ಹೋಗಿ ನಿಂತ್ಕೊಳ್ಳಿ. ರೂಮಲ್ಲಿ ಮಾತ್ರ ಅಲ್ಲ, ಪ್ಯಾಸೇಜ್ ಮೇಲೂ, ಅಡುಗೆಮನೇಲೂ ಸಜ್ಜಾ, ಅಂದ್ರೆ ಕಾಂಕ್ರೀಟಿನ ಅಟ್ಟ, ಬೇಕು, ಎರಡಡಿ ಆಳ ಬೇಕು ಅಂತ ಮೇಸ್ತ್ರಿಗೆ ಅವತ್ತೇ ಹೇಳಿ. ಅದೇ ಕಾಂಕ್ರೀಟಲ್ಲಿ ಅದೂ ಆಗಿಹೋಗುತ್ತೆ, ಪ್ಲಾಸ್ಟರ್ ಆದಮೇಲೆ ನನ್ನಂಥೋರನ್ನ ಕರೆಸಿದ್ರೆ ಗೋಡೆ ಕೊರೆದು, ಕಬ್ಬಿಣ ಕೊಟ್ಟು, ದುಡ್ಡು ಡಬಲ್. ನಮಸ್ಕಾರ.