ಮೌಂಟಿಂಗ್ ರಬ್ಬರ್ ಬದಲಾಯಿಸೋಕೆ ಇಂಜಿನ್ ಎಷ್ಟು ಎತ್ತಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಮನೆ ಬಾಗಿಲಲ್ಲಿ ಜೀಪೋ ಪಿಕಪ್ಪೋ ಹಳೇ ಕಾರೋ ಇಟ್ಕೊಂಡಿರೋ ನಮ್ಮ ಕಡೆಯವರು ಸುಮಾರು ಜನ ಹೇಳೋ ಮಾತು ಒಂದೇ ಥರ ಇರುತ್ತೆ. ಗಾಡಿ ನಿಂತಲ್ಲೇ ಸ್ಟಾರ್ಟ್ ಇದ್ರೆ ಸ್ಟೇರಿಂಗು, ಸೀಟು ಎಲ್ಲ ಗಡಗಡ ನಡುಗುತ್ತೆ, ಕ್ಲಚ್ ಬಿಟ್ಟ ಕೂಡ್ಲೇ ಬಾನೆಟ್ ಒಳಗಿಂದ ದಡ್ ಅಂತ ಸದ್ದು ಬರುತ್ತೆ, ಏರು ಹತ್ತುವಾಗ ಗೇರ್ ಲಿವರ್ ತಾನೇ ಹಿಂದೆ ಮುಂದೆ ಆಡುತ್ತೆ, ಒಂದೊಂದ್ಸಲ ಗೇರೇ ಜಾರಿ ನ್ಯೂಟ್ರಲ್‌ಗೆ ಬಂದುಬಿಡುತ್ತೆ ಅಂತ. ಇಂಜಿನ್ನೇ ಹೋಯ್ತೇನೋ ಅಂತ ಹೆದರ್ತಾರೆ, ಆದ್ರೆ ಎಷ್ಟೋ ಸಲ ಹೋಗಿರೋದು ಇಂಜಿನ್ ಕೂತಿರೋ ಮೌಂಟಿಂಗ್ ರಬ್ಬರ್ ಅಷ್ಟೇ.

ಮೌಂಟಿಂಗ್ ಅಂದ್ರೆ ಎರಡು ಕಬ್ಬಿಣದ ಪ್ಲೇಟ್ ಮಧ್ಯ ಅಂಟಿಸಿರೋ ದಪ್ಪ ರಬ್ಬರ್ರು. ಜೀಪಿನಂಥ ಗಾಡೀಲಿ ಇಂಜಿನ್‌ಗೆ ಎಡಕ್ಕೊಂದು ಬಲಕ್ಕೊಂದು, ಗೇರ್ ಬಾಕ್ಸ್ ಕೆಳಗೆ ಇನ್ನೊಂದು ಇರುತ್ತೆ. ಇಂಜಿನ್ ಅಡ್ಡ ಕೂತಿರೋ ಕಾರುಗಳಲ್ಲಿ ಮೂರೋ ನಾಲ್ಕೋ ಇರುತ್ತವೆ, ಕೆಲವು ಕಾರಲ್ಲಿ ರಬ್ಬರ್ ಒಳಗೇ ದ್ರವ ತುಂಬಿರ್ತಾರೆ, ಅದು ಒಡೆದು ಸೋರಿದ್ರೆ ಮೌಂಟಿಂಗ್ ಕಥೆ ಮುಗೀತು. ಮೊದಲೆಲ್ಲ ಎಷ್ಟೋ ಕಾರಲ್ಲಿ ಇಂಜಿನ್ನನ್ನ ನೇರವಾಗಿ ಚಾಸಿಗೇ ಬೋಲ್ಟ್ ಹಾಕಿ ಬಿಗೀತಿದ್ರು, ನಡುಕ ಎಲ್ಲ ಕೂತವರ ಬೆನ್ನಿಗೆ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯವರು ತಮ್ಮ ಪ್ಲಿಮತ್ ಕಾರಲ್ಲಿ ಇಂಜಿನ್ನನ್ನ ರಬ್ಬರ್ ಮೇಲೆ ಕೂರಿಸಿದ್ದನ್ನೇ ದೊಡ್ಡದಾಗಿ ಪ್ರಚಾರ ಮಾಡಿ ಮಾರಿದ್ರು, ಅಷ್ಟು ವ್ಯತ್ಯಾಸ ಗೊತ್ತಾಗ್ತಿತ್ತು ಜನಕ್ಕೆ.

ನಮ್ಮ ಮಲೆನಾಡಲ್ಲಿ ಈ ರಬ್ಬರ್ ಬೇಗ ಸೋಲುತ್ತೆ, ಅದಕ್ಕೆ ಕಾರಣಾನೂ ಇದೆ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಅಂದ್ರೆ ಫಸ್ಟು ಸೆಕೆಂಡ್ ಗೇರಲ್ಲೇ ಎಳೀಬೇಕು. ಹಾಗೆ ಎಳೆಯುವಾಗ ಇಂಜಿನ್ ಒಂದು ಕಡೆಗೆ ತಿರುಚಿಕೊಳ್ಳುತ್ತೆ, ಒಂದು ಬದಿ ರಬ್ಬರ್ ಮೇಲೆ ಎಳೆತ, ಇನ್ನೊಂದು ಬದಿ ಮೇಲೆ ಒತ್ತಡ, ಇಳಿಯುವಾಗ ಗೇರಲ್ಲೇ ತಡೆಕೊಂಡು ಬಂದ್ರೆ ಅದೇ ಉಲ್ಟಾ. ಇದರ ಮೇಲೆ ಅಡಿಕೆ ಕೊಯ್ಲಿನ ಟೈಮಲ್ಲಿ ತೋಟದ ಗುಂಡಿ ರಸ್ತೇಲಿ ಲೋಡು. ಇಂಜಿನ್ ಆಯಿಲ್ ಜಿನುಗಿ ರಬ್ಬರ್ ಮೇಲೆ ಬೀಳ್ತಿದ್ರಂತೂ ಅದು ಊದಿಕೊಂಡು ಮೆತ್ತಗಾಗಿ ಪ್ಲೇಟಿಂದಲೇ ಬಿಟ್ಟು ಬರುತ್ತೆ, ಹಾಗಾಗಿ ಮೊದಲು ಆ ಲೀಕ್ ಸರಿ ಮಾಡ್ಸಿ, ಇಲ್ಲಾಂದ್ರೆ ಹೊಸದಕ್ಕೂ ಅದೇ ಗತಿ.

ಹೋಗಿದೆಯೋ ಇಲ್ವೋ ಅಂತ ನೋಡೋದು ಸುಲಭ. ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಕಾಲಲ್ಲೂ ಬ್ರೇಕ್ ಗಟ್ಟಿಯಾಗಿ ಒತ್ಕೊಂಡು, ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನ ಒಂಚೂರು ಬಿಟ್ಟು ತಕ್ಷಣ ಒತ್ತಬೇಕು, ಆಮೇಲೆ ರಿವರ್ಸಲ್ಲೂ ಹಾಗೇ. ಇಂಜಿನ್ ಸ್ವಲ್ಪ ಅಲ್ಲಾಡೋದು ಸಹಜ, ಎದ್ದು ಬಿದ್ದಂಗೆ ಕುಪ್ಪಳಿಸಿದ್ರೆ ರಬ್ಬರ್ ಹರಿದಿದೆ ಅಂತ ಅರ್ಥ. ನೋಡೋರು ಪಕ್ಕದಲ್ಲಿ ನಿಂತು ನೋಡಿ. ಗಾಡಿ ಮುಂದೆ ಹಿಂದೆ ಒಂದು ಮಗೂನೂ ನಿಲ್ಲಬಾರದು.

ಈಗ ಬದಲಾಯಿಸೋ ಕೆಲಸ. ಬೋಲ್ಟ್ ಬಿಚ್ಚೋದು ಹಾಕೋದು ಇಲ್ಲಿ ದೊಡ್ಡ ವಿದ್ಯೆ ಏನಲ್ಲ. ನನಗೆ ಭಯ ಇರೋದು ಗಾಡಿ ಕೆಳಗೆ ಮಲಗೋ ಹುಡುಗರ ಬಗ್ಗೆ. ನಮ್ಮೂರುಗಳಲ್ಲಿ ಮಾಡೋದು ಹೇಗೆ ಅಂದ್ರೆ, ಮಳೆಗೆ ನೆಂದ ಮಣ್ಣಂಗಳದಲ್ಲಿ ಒಂದು ಬಾಟಲ್ ಜ್ಯಾಕ್ ಇಟ್ಟು ಎತ್ತೋದು, ಪಕ್ಕದಲ್ಲಿ ಬಿದ್ದಿರೋ ಜಂಬಿಟ್ಟಿಗೆ ಕಲ್ಲು ಎರಡು ಸಿಕ್ಸೋದು, ಒಳಗೆ ನುಗ್ಗೋದು. ಜಂಬಿಟ್ಟಿಗೆ ಗೋಡೆ ಕಟ್ಟೋಕೆ ಸರಿ, ಗಾಡಿ ತೂಕ ಒಂದೇ ಮೂಲೆ ಮೇಲೆ ಕೂತಾಗ ಅದು ಪುಡಿಯಾಗುತ್ತೆ, ಅದೂ ಹೇಳ್ದೆ ಕೇಳ್ದೆ ಒಂದೇ ಸಲಕ್ಕೆ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಅಷ್ಟೇ. ಜ್ಯಾಕ್ ಇರೋದು ಎತ್ತೋದಕ್ಕೆ, ಹಿಡ್ಕೊಂಡು ನಿಲ್ಲೋದಕ್ಕಲ್ಲ, ಒಳಗಿನ ಸೀಲ್ ಸೋತ್ರೆ ಮೆಲ್ಲಗೆ ಇಳಿಯುತ್ತೆ, ಅಡಿ ಮಣ್ಣು ಕುಸಿದ್ರೆ ವಾಲುತ್ತೆ. ದಯವಿಟ್ಟು ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಒಂದು ಜೊತೆ ತಗೊಳ್ಳಿ, ಗಾಡಿ ತೂಕ ತಡೆಯೋ ಅಂಥದ್ದು ಅಂತ ಕೇಳಿ ತಗೊಳ್ಳಿ.

ಜಾಗ ಸಮತಟ್ಟಾದ ಕಾಂಕ್ರೀಟ್ ನೆಲ ಆಗಿರ್ಲಿ. ಅಡಿಕೆ ಒಣಗ್ಸೋ ಸಿಮೆಂಟ್ ಕಣ ಇದ್ರೂ ಆಯ್ತು, ಆದ್ರೆ ಇಳಿಜಾರು ಇಲ್ದೇ ಇರೋ ಕಡೆ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಪ್ಪ ಮರದ ತುಂಡು ಕೊಡಿ. ಮುಂದಿನ ಭಾಗ ಎತ್ತಿ ಚಾಸಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಇಟ್ಟು ಇಳಿಸಿ, ಕೆಳಗೆ ಹೋಗೋ ಮುಂಚೆ ಗಾಡೀನ ಕೈಯಿಂದ ಜೋರಾಗಿ ತಳ್ಳಿ ನೋಡಿ, ಅಲ್ಲಾಡೋದಾದ್ರೆ ಆವಾಗ್ಲೇ ಅಲ್ಲಾಡ್ಲಿ. ಇನ್ನೊಂದು ಮಾತು, ಕೆಲವು ಮೌಂಟಿಂಗ್ ಬಾನೆಟ್ ಕಡೆಯಿಂದಲೇ ಸಿಗುತ್ತೆ, ಅಂಥ ಕಡೆ ಗಾಡಿ ಎತ್ತೋ ಗೋಜಿಗೇ ಹೋಗ್ಬೇಡಿ, ಇಂಜಿನ್‌ಗೆ ಮಾತ್ರ ಆಧಾರ ಕೊಟ್ರೆ ಸಾಕು.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಆಗುಂಬೆ ಕಡೆ ವರ್ಷದ ಮಳೆ ಎಷ್ಟೋ ಸಲ 7,000 ಮಿಲಿಮೀಟರ್ ದಾಟುತ್ತೆ, ಆ ತೇವಕ್ಕೆ ಬೋಲ್ಟ್ ತುಕ್ಕು ಹಿಡಿದು ಕಚ್ಕೊಂಡಿರುತ್ತೆ, ಹಿಂದಿನ ಸಂಜೇನೇ ತುಕ್ಕು ಬಿಡ್ಸೋ ಸ್ಪ್ರೇ ಹೊಡೆದಿಡಿ.

ಇಂಜಿನ್ ಎತ್ತೋಕೆ ಎಲ್ಲಕ್ಕಿಂತ ಒಳ್ಳೇದು ಮೇಲಿಂದ ಹಿಡಿಯೋದು. ಬಾನೆಟ್ ಅಂಚಿನ ಎರಡೂ ಕಡೆ ಕೂರೋ ಸಪೋರ್ಟ್ ಬಾರ್ ಸಿಗುತ್ತೆ, ಇಂಜಿನ್ ಮೇಲೆ ಕಂಪನಿಯವರೇ ಕೊಟ್ಟಿರೋ ಕೊಕ್ಕೆಗೆ ಚೈನ್ ಹಾಕಿ ಸ್ಕ್ರೂ ತಿರುಗಿಸಿದ್ರೆ ಅದು ಮೆಲ್ಲಗೆ ಎದ್ದು ಬರುತ್ತೆ. ಕೊಟ್ಟಿಗೆ ಜಂತಿಗೋ ಹಲಸಿನ ಕೊಂಬೆಗೋ ಚೈನ್ ಕಟ್ಟೋದು ಮಾತ್ರ ಬೇಡ, ಗೇರ್ ಬಾಕ್ಸ್ ಸೇರಿದ್ರೆ ಸಣ್ಣ ಕಾರಿನದ್ದೇ ನೂರು ಕೆ.ಜಿ. ಹತ್ತಿರ ತೂಗುತ್ತೆ, ಡೀಸೆಲ್ ಜೀಪಿನದ್ದು ಇನ್ನೂರು ದಾಟುತ್ತೆ. ಬಾರ್ ಇಲ್ಲ, ಕೆಳಗಿಂದಲೇ ಎತ್ತಬೇಕು ಅಂದ್ರೆ ಜ್ಯಾಕಿಗೂ ಆಯಿಲ್ ಸಂಪಿಗೂ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿ) ಮಧ್ಯ ಸಂಪಿನಷ್ಟೇ ಅಗಲದ ದಪ್ಪ ಹಲಗೆ ಇರಲೇಬೇಕು. ಸಂಪು ತೆಳು ತಗಡಿಂದು, ಕೆಲವದ್ರಲ್ಲಿ ಅಲ್ಯೂಮಿನಿಯಂ. ಬರೀ ಜ್ಯಾಕ್ ತಲೆ ಕೊಟ್ರೆ ತಗಡು ತಗ್ಗಾಗುತ್ತೆ, ಅಲ್ಯೂಮಿನಿಯಂ ಬಿರುಕು ಬಿಡುತ್ತೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ ಆಯಿಲ್ ಎಳೆಯೋ ಜಾಲರಿ ಸಂಪಿನ ತಳಕ್ಕೆ ತೀರಾ ಹತ್ತಿರ ಇರುತ್ತೆ, ತಗ್ಗು ಹೋಗಿ ಅದಕ್ಕೆ ತಾಗಿದ್ರೆ ಆಯಿಲ್ ಮೇಲೆ ಹೋಗೋದೇ ಕಮ್ಮಿಯಾಗಿ ಬೇರಿಂಗ್ ಸುಟ್ಟುಹೋಗುತ್ತೆ. ಮೌಂಟಿಂಗ್ ಹಾಕ್ಸೋಕೆ ಹೋಗಿ ಇಂಜಿನ್ನೇ ಬಿಚ್ಚೋ ಹಾಗಾಗುತ್ತೆ. ಡ್ರೈನ್ ಬೋಲ್ಟ್ ಕೆಳಗೆ, ಬೆಲ್ಟ್ ತಿರುಗಿಸೋ ಕ್ರ್ಯಾಂಕ್ ಪುಲ್ಲಿ ಕೆಳಗೆ ಜ್ಯಾಕ್ ಕೊಡೋ ಮಾತೇ ಇಲ್ಲ.

ಎಷ್ಟು ಎತ್ತಬೇಕು ಅಂದ್ರೆ, ಹೆಗಲ ಮೇಲೆ ಅಡಿಕೆ ಮೂಟೆ ಇರೋವಾಗ ಟವಲ್ ಸರಿ ಮಾಡ್ಕೊಳ್ಳೋಕೆ ಇನ್ನೊಬ್ಬರು ಒಂದ್ನಿಮಿಷ ಮೂಟೆಗೆ ಕೈ ಕೊಡ್ತಾರಲ್ಲ, ಅಷ್ಟು. ಮೊದಲು ಭಾರ ಮಾತ್ರ ತಗೊಳ್ಳಿ, ಬೋಲ್ಟ್ ಸುಲಭವಾಗಿ ತಿರುಗೋಕೆ ಶುರುವಾದ್ರೆ ಅಲ್ಲಿಗೆ ನಿಲ್ಸಿ ಬೋಲ್ಟ್ ತೆಗೀರಿ. ಆಮೇಲೆ ಹಳೇ ಮೌಂಟಿಂಗ್ ಈಚೆ ಬರೋವಷ್ಟು, ಅಂದ್ರೆ ಎರಡು ಬೆರಳಿನಷ್ಟು ಎತ್ತಿದ್ರೆ ಹೆಚ್ಚಿನ ಗಾಡೀಲಿ ಸಾಕು. ಪ್ರತಿ ಸಲ ಜ್ಯಾಕ್ ಹಿಡಿ ಒತ್ತಿದಾಗ್ಲೂ ಸುತ್ತ ಟಾರ್ಚ್ ಬಿಟ್ಟು ನೋಡಿ, ರೇಡಿಯೇಟರ್ ಪೈಪು, ಡೀಸೆಲ್ ಪೈಪು, ಎಸಿ ಪೈಪು, ಸೈಲೆನ್ಸರ್ ಜಾಯಿಂಟು, ಅರ್ತ್ ವೈರು, ಯಾವುದಾದ್ರೂ ಬಿಗೀತಾ ಇದ್ರೆ ಅಲ್ಲೇ ನಿಲ್ಸಿ, ಅದನ್ನ ಬಿಚ್ಕೊಂಡು ಮುಂದೆ ಹೋಗಿ. ಜೀಪಲ್ಲಿ ಫ್ಯಾನ್ ಇಂಜಿನ್ ಜೊತೇನೇ ಮೇಲೆದ್ದು ರೇಡಿಯೇಟರ್ ಕವರ್‌ಗೆ ತಗಲುತ್ತೆ, ಆ ಕವರ್ ಮುಂಚೆನೇ ಸಡಿಲ ಮಾಡಿ. ಮೌಂಟಿಂಗ್ ಒಂದಾದ ಮೇಲೊಂದು ಬದಲಾಯಿಸಿ, ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಇಂಜಿನ್ ಜಾರುತ್ತೆ, ಮತ್ತೆ ತೂತು ಸೇರ್ಸೋದೇ ದೊಡ್ಡ ಕಷ್ಟ.

ಆ ತೂತಿನ ವಿಷಯ ಸ್ವಲ್ಪ ಗಮನ ಇಟ್ಟು ಕೇಳಿ. ಹೊಸ ಮೌಂಟಿಂಗ್ ಕೂರ್ಸುವಾಗ ಬ್ರ್ಯಾಕೆಟ್ (ಮೌಂಟಿಂಗ್ ಸೇರೋ ಕಬ್ಬಿಣದ ಪಟ್ಟಿ) ತೂತೂ ಮೌಂಟಿಂಗ್ ತೂತೂ ಸರಿಯಾಗಿ ಬಂದಿದೆಯಾ ಅಂತ ನೋಡೋಕೆ ಎಲ್ಲರೂ ಬೆರಳು ಹಾಕ್ತಾರೆ. ಆ ಹೊತ್ತಿಗೆ ಜ್ಯಾಕ್ ಒಂದು ಕೂದಲಷ್ಟು ಇಳಿದ್ರೂ ಎರಡು ಕಬ್ಬಿಣದ ಅಂಚು ಕತ್ತರಿ ಥರ ಕೂಡುತ್ತೆ, ಬೆರಳು ಉಳಿಯಲ್ಲ. ಬೆರಳಿನ ಬದಲು ಉದ್ದ ಸ್ಕ್ರೂ ಡ್ರೈವರ್ ಹಾಕಿ ನೋಡಿ, ಅದರಲ್ಲೇ ಮೀಟಿ ಸರಿ ಮಾಡಿ. ಇಂಜಿನ್ ಬ್ರ್ಯಾಕೆಟ್ ಮಧ್ಯ ಕೈ ಇಟ್ಕೊಂಡು ಇನ್ನೊಬ್ಬನಿಗೆ "ಇಳ್ಸೋ" ಅಂತ ಯಾವತ್ತೂ ಹೇಳ್ಬೇಡಿ, ಜ್ಯಾಕ್ ಹಿಡಿದವನಿಗೂ ಒಳಗೆ ಕೈ ಇಟ್ಟವನ ಮುಖ ಕಾಣೋ ಹಾಗಿರ್ಲಿ.

ಬೋಲ್ಟ್ ಎಲ್ಲ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಹಿಡ್ಸಿ. ಆಮೇಲೆ ಜ್ಯಾಕ್ ಇಳ್ಸಿ, ಇಂಜಿನ್ ತನ್ನ ಭಾರಕ್ಕೆ ತಾನೇ ಕೂತ ಮೇಲೆ ಪೂರ್ತಿ ಬಿಗಿ ಮಾಡಿ. ಎತ್ತಿದ ಸ್ಥಿತೀಲೇ ಬಿಗಿದ್ರೆ ರಬ್ಬರ್ ತಿರುಚಿಕೊಂಡೇ ಇರುತ್ತೆ, ನಡುಕ ಹೋಗಲ್ಲ, ಬೇಗ ಹರಿಯುತ್ತೆ. ಎಷ್ಟು ಬಿಗಿ ಅನ್ನೋದು ಗಾಡಿಯ ಸರ್ವೀಸ್ ಪುಸ್ತಕದಲ್ಲಿರುತ್ತೆ, ಬಿಗಿ ಅಳೆದು ತೋರ್ಸೋ ಟಾರ್ಕ್ ರೆಂಚ್ ಇರೋರ ಹತ್ರ ಮಾಡ್ಸಿ. ಬಿಚ್ಚಿದ ಬೋಲ್ಟ್ ಮತ್ತೆ ಹಾಕಬಾರದು, ಹೊಸದೇ ಬೇಕು ಅಂತ ಬರೆದಿದ್ರೆ ಹೊಸದೇ ಹಾಕಿ. ಅರ್ತ್ ವೈರ್ ಮರೆತು ಬಿಟ್ರೆ ಸ್ಟಾರ್ಟಿಂಗ್ ತೊಂದ್ರೆ ಕೊಡುತ್ತೆ, ಅದನ್ನೂ ನೋಡಿ. ಆಮೇಲೆ ಗಾಡೀನ ಸ್ಟ್ಯಾಂಡಿಂದ ನೆಲಕ್ಕೆ ಇಳ್ಸಿ, ಬ್ಯಾಟರಿ ವೈರ್ ಹಾಕಿ, ಸ್ಟಾರ್ಟ್ ಮಾಡಿ ನಿಂತಲ್ಲೇ ಮತ್ತೆ ಆ ಕ್ಲಚ್ ಪರೀಕ್ಷೆ ಮಾಡಿ, ಕೆಳಗೆ ಆಯಿಲ್ಲೋ ನೀರೋ ತೊಟ್ಟಿಕ್ಕುತ್ತಾ ನೋಡಿ, ಮನೆ ಹತ್ರದ ರಸ್ತೇಲಿ ಒಂದು ಸುತ್ತು ಹೊಡೀರಿ. ಘಾಟಿ ಹತ್ತೋದು, ಲೋಡ್ ಹಾಕೋದು ಎಲ್ಲ ಮಾರನೇ ದಿನ ಇಂಜಿನ್ ತಣ್ಣಗಿದ್ದಾಗ ಬೋಲ್ಟುಗಳಿಗೆ ಇನ್ನೊಂದ್ಸಲ ಸ್ಪ್ಯಾನರ್ ಕೊಟ್ಟು ನೋಡಿದ ಮೇಲೇ. ನಮಸ್ಕಾರ.